ಎರಡು ಹಗ್ಗ, ನಾಲ್ಕು ಜನ

ನಮ್ಮ ಚರ್ಚಿನ ಸಭೆಯಲ್ಲಿ ಸಾಕ್ಷಿ ಹೇಳಿ ಅಂತ ಎರಡು ಸಲ ಕರೆದರು. ಎರಡು ಸಲವೂ ಏನೋ ನೆಪ ಹೇಳಿ ತಪ್ಪಿಸಿಕೊಂಡೆ. ನಮ್ಮಲ್ಲಿ ಸಾಕ್ಷಿಗೆ ಒಂದು ಧಾಟಿ ಇದೆ, ಗೊತ್ತಲ್ವಾ: ಕಷ್ಟ ಬಂತು, ಮೊಣಕಾಲೂರಿದೆ, ಭಯವೆಲ್ಲ ಹೋಯಿತು, ಕರ್ತನಿಗೆ ಸ್ತೋತ್ರ. ನನ್ನದು ಆ ಅಚ್ಚಿಗೆ ಕೂರುವುದಿಲ್ಲ. ನನ್ನ ಭಯ ಹೋಗಲೇ ಇಲ್ಲ. ಮೈಕ್ ಕೈಗೆ ಬಂದರೆ, ಎದುರಿಗೆ ಕೂತವರ ಮುಖ ನೋಡಿ, ಹೋಯಿತು ಅಂತ ಸುಳ್ಳು ಹೇಳಿಬಿಡುತ್ತೇನೇನೋ ಅನ್ನಿಸಿತು. ಅದಕ್ಕೇ ಬರೆಯೋಣ ಅಂತ ಕೂತೆ.

ನಾನು ಎಲೆಕ್ಟ್ರಿಷಿಯನ್. ಬೆಂಗಳೂರಿನ ಲಿಂಗರಾಜಪುರದಲ್ಲಿ ಬಾಡಿಗೆ ಮನೆ, ಅಲ್ಲೇ ಗಲ್ಲಿಯೊಳಗೆ ಒಂದು ಶಟರ್ ಅಂಗಡಿ. ಮನೆ ವೈರಿಂಗ್, ಮೋಟರ್ ರಿಪೇರಿ, ಸಭೆಯ ಆಂಪ್ಲಿಫೈಯರ್ ಕೆಟ್ಟರೆ ಬಿಟ್ಟಿ ಸೇವೆ. ಸ್ವಭಾವದಲ್ಲಿ ಪುಕ್ಕಲ. ನಮ್ಮ ಕಸುಬಿನಲ್ಲಿ ಬಾಳೋದು ಪುಕ್ಕಲರೇ, ಅದು ಬೇರೆ ಮಾತು. ಟೆಸ್ಟರ್ ಇಟ್ಟು ನೋಡದೆ ವೈರಿಗೆ ಕೈ ಹಾಕುವ ಗಂಡೆದೆಯವರು ಇಬ್ಬರನ್ನು ನೋಡಿದ್ದೇನೆ. ಒಬ್ಬನ ಫೋಟೋಗೆ ಈಗ ಹಾರ ಹಾಕಿದ್ದಾರೆ.

2021ರ ಏಪ್ರಿಲ್ ತಿಂಗಳು, ಕೊರೋನಾದ ಎರಡನೇ ಅಲೆ, ನಿಮಗೆ ನಾನು ನೆನಪಿಸಬೇಕಾಗಿಲ್ಲ. ಆ ವರ್ಷ ಈಸ್ಟರ್ ಬಂದದ್ದು ಏಪ್ರಿಲ್ 4ಕ್ಕೆ. "ಮರಣವೇ, ನಿನ್ನ ಜಯವೆಲ್ಲಿ" ಅಂತ ಓದಿ ಇನ್ನೂ ಮೂರು ವಾರ ಆಗಿರಲಿಲ್ಲ, ಸ್ಮಶಾನಗಳ ಮುಂದೆ ಆಂಬುಲೆನ್ಸ್ ಸಾಲು ನಿಂತಿತ್ತು. 27ರ ರಾತ್ರಿಯಿಂದ ರಾಜ್ಯಕ್ಕೆ ಬೀಗ. ಮೇ 5ಕ್ಕೆ ಒಂದೇ ದಿನದಲ್ಲಿ ರಾಜ್ಯದ ಹೊಸ ಕೇಸು 50 ಸಾವಿರ ದಾಟಿತು, ಅದರಲ್ಲಿ ಹೆಚ್ಚುಕಮ್ಮಿ ಅರ್ಧ ನಮ್ಮ ಬೆಂಗಳೂರಿನದೇ.

ಬೀಗ ಬೀಳುವ ಎರಡು ಮೂರು ದಿನ ಮೊದಲು, ಸಂಜೆ, ಅಯ್ಯನವರ, ಅಂದರೆ ನಮ್ಮ ಪಾದ್ರಿಯವರ, ಫೋನ್ ಬಂತು. ನಮ್ಮ ಸಭೆಯ ಒಬ್ಬ ಅಜ್ಜಿ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಮಗ ಪಾಸಿಟಿವ್, ಸೊಸೆ ಪಾಸಿಟಿವ್, ಇನ್ನೊಬ್ಬ ಮಗ ಹೊರದೇಶದಲ್ಲಿ.

"ಎತ್ತೋಕೆ ನಾಲ್ಕು ಜನ ಬೇಕಪ್ಪ. ಮೂರು ಜನ ಇದ್ದೀವಿ," ಅಂದರು. ಅಷ್ಟೇ.

ಆ ಮೂರರಲ್ಲಿ ಒಬ್ಬರು ತಾವೇ. ಐವತ್ತೆಂಟು ವಯಸ್ಸು, ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ.

"ಪ್ರಾರ್ಥನೆ ಮಾಡಿ ಹೇಳ್ತೀನಿ ಅಯ್ಯನವರೇ," ಅಂದೆ. 'ಆಗೋದಿಲ್ಲ' ಅನ್ನುವುದಕ್ಕೆ ಕ್ರೈಸ್ತರಲ್ಲಿ ಇದಕ್ಕಿಂತ ಮರ್ಯಾದೆಯ ಮಾತು ಇನ್ನೊಂದಿಲ್ಲ.

ಫೋನ್ ಇಟ್ಟ ಮೇಲೆ ನಿಜವಾಗಿಯೂ ಪ್ರಾರ್ಥನೆಗೆ ಕೂತೆ. ಮನಸ್ಸಿನಲ್ಲಿ ಬರುತ್ತಿದ್ದದ್ದೆಲ್ಲ ಕಾರಣಗಳೇ. ಮಗಳು ಪಿಯುಸಿ. ಲಸಿಕೆ ಒಂದೇ ಡೋಸ್ ಆಗಿದೆ. ಬಾಡಿಗೆ ಮನೆ, ಓನರ್ ಗಲಾಟೆ ಮಾಡಬಹುದು. ದೇವರಿಗೆ ನನ್ನ ಕಷ್ಟವನ್ನೆಲ್ಲ ವರದಿ ಒಪ್ಪಿಸುತ್ತಾ ಇದ್ದೆ, ಅವನಿಗೆ ಗೊತ್ತೇ ಇಲ್ಲವೇನೋ ಅನ್ನೋ ಹಾಗೆ. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು.

"ರೀ, ಇದರಲ್ಲಿ ಪ್ರಾರ್ಥನೆ ಮಾಡೋಕೆ ಏನಿದೆ? ಹೋಗ್ತೀರೋ ಇಲ್ವೋ, ಅಷ್ಟು ಹೇಳಿ. ಹೋಗೋದಾದ್ರೆ ಅಂಗಡೀಲೇ ಮಲಗಿ, ಬಟ್ಟೆ ಅಲ್ಲೇ ಒಗೀರಿ."

ಹೋಗಿ ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಮಲಗುವ ಜಾಗ ಹೇಳಿದಳು. ಆಮೇಲೆ ಯೋಚಿಸಿದರೆ, ನನ್ನನ್ನು ಎಬ್ಬಿಸಿದ್ದು ಆ ಒಂದು ಮಾತೇ. ಅಲ್ಲಿಯವರೆಗೆ ನನ್ನ ಮುಂದೆ ಇದ್ದದ್ದು ಸಾವು, ಮಹಾಮಾರಿ, ದೇವರ ಚಿತ್ತ. ಅವಳು ಅದನ್ನು ಚಾಪೆ, ಬಕೆಟ್ಟು, ಸೋಪಿನ ಮಟ್ಟಕ್ಕೆ ಇಳಿಸಿದಳು. ಆ ಮಟ್ಟದ ಕೆಲಸ ನನಗೆ ಬರುತ್ತದೆ.

ನಮಗೆ ಕಲಿಸಿದವರು ಯಾರು ಅಂತ ಮೊದಲು ಹೇಳಿಬಿಡಬೇಕು. ಟ್ಯಾನರಿ ರಸ್ತೆ ಕಡೆಯ ಮುಸ್ಲಿಂ ಹುಡುಗರು. ಅವರು 2020ರಲ್ಲೇ ಈ ಕೆಲಸ ಶುರು ಮಾಡಿದ್ದರು, ಜಾತಿ ಧರ್ಮ ಕೇಳದೆ ಮಾಡುತ್ತಿದ್ದರು. ಆಸ್ಪತ್ರೆಯ ಹಿಂಬದಿಯಲ್ಲಿ, ಶವಾಗಾರದ ಪಕ್ಕ, ನಮ್ಮ ನಾಲ್ಕೂ ಜನರನ್ನು ಸಾಲಾಗಿ ನಿಲ್ಲಿಸಿ, ಸ್ಕೂಲ್ ಮಕ್ಕಳಿಗೆ ಹೇಳುವ ಹಾಗೆ ಮೈಯೆಲ್ಲ ಮುಚ್ಚುವ ಪಿಪಿಇ ಕಿಟ್ ಹಾಕೋದು ಹೇಳಿಕೊಟ್ಟರು. "ಅಣ್ಣ, ಹಾಕ್ಕೊಳ್ಳೋದ್ರಲ್ಲಿ ಏನೂ ಇಲ್ಲ. ಬಿಚ್ಚೋವಾಗ ಸಾಯ್ತಾರೆ," ಅಂದ ಒಬ್ಬ ಹುಡುಗ. ಸುಸ್ತಾಗಿರುತ್ತೆ, ಬೆವರು ಕಣ್ಣಿಗೆ ಇಳಿದಿರುತ್ತೆ, ಯಾವಾಗ ಉಸಿರಾಡ್ತೀನೋ ಅಂತ ಮೊದಲು ಮಾಸ್ಕ್ ಕಿತ್ತುಬಿಡ್ತಾರೆ. ಅದೇ ತಪ್ಪು. ಮಾಸ್ಕ್ ಕೊನೆಗೆ. ಒಂದೊಂದು ಬಿಚ್ಚಿದ ಮೇಲೂ ಕೈಗೆ ಸ್ಯಾನಿಟೈಸರ್. ಗೌನನ್ನು ಹೊರಗಿನ ಮೈ ಒಳಗೆ ಹೋಗುವಂತೆ ಸುತ್ತುತ್ತಾ ಇಳಿಸಬೇಕು, ಬಾಳೆಕಾಯಿ ಸಿಪ್ಪೆ ಸುಲಿದ ಹಾಗಲ್ಲ, ಕಾಲುಚೀಲ ಮಗುಚಿದ ಹಾಗೆ.

ಅದು ರಂಜಾನ್ ತಿಂಗಳು. ಆ ವರ್ಷ ಏಪ್ರಿಲ್ 14ಕ್ಕೆ ಶುರುವಾಗಿತ್ತು. ಆ ಪ್ಲಾಸ್ಟಿಕ್ ಅಂಗಿಯೊಳಗೆ ಅರ್ಧ ಗಂಟೆ ನಿಂತರೆ ಬೂಟಿನಲ್ಲಿ ಬೆವರು ಪಚಪಚ ಅನ್ನುತ್ತದೆ, ಬಿಚ್ಚಿದ ತಕ್ಷಣ ನಾವು ಉಪ್ಪು ಹಾಕಿದ ನಿಂಬೆ ಪಾನಕ ಒಂದು ಬಾಟಲಿ ಇಳಿಸುತ್ತಿದ್ದೆವು. ಆ ಹುಡುಗರು ಒಂದು ಹನಿ ನೀರಿಲ್ಲದೆ ಸಂಜೆಯವರೆಗೆ ಅದೇ ಕೆಲಸ ಮಾಡುತ್ತಿದ್ದರು. ನಾನು ಕುಡಿಯುವಾಗ ಆ ಕಡೆ ತಿರುಗಿಕೊಳ್ಳುತ್ತಿದ್ದೆ. ಅದನ್ನು ನೋಡಿ ಒಬ್ಬ ನಕ್ಕು, "ಕುಡೀರಿ ಅಣ್ಣ, ನಿಮ್ಮ ನೀರು ನೋಡಿದ್ರೆ ನಮ್ಮ ರೋಜಾ ಮುರಿಯಲ್ಲ," ಅಂದ.

ಮೊದಲ ದಿನ. ಆ ಅಜ್ಜಿಯನ್ನು ಹೊಸೂರು ರಸ್ತೆಯ ಸ್ಮಶಾನಕ್ಕೆ ತಂದೆವು. ಚೀಲದೊಳಗಿನ ಅಜ್ಜಿ ನನಗೆ ಗೊತ್ತಿದ್ದ ಅಜ್ಜಿ, ಭಾನುವಾರ ಮೂರನೇ ಬೆಂಚಿನಲ್ಲಿ ಕೂತು ಕೀರ್ತನೆಯ ಪ್ರತಿ ಸಾಲಿನ ಕೊನೆಯನ್ನೂ ಅರ್ಧ ನಿಮಿಷ ಎಳೆಯುತ್ತಿದ್ದವರು. ಗುಂಡಿ ಮಾಮೂಲಿಗಿಂತ ಆಳ, ಜೆಸಿಬಿ ತೋಡಿದ್ದು. ನಾವು ತಂದಿದ್ದು ನೈಲಾನ್ ಹಗ್ಗ, ನನ್ನ ಅಂಗಡಿಯದೇ, ಮೋಟರ್ ಇಳಿಸೋಕೆ ಇಟ್ಟಿದ್ದು. ಗಟ್ಟಿ ಇದೆ ಅಂತ ನನ್ನ ಲೆಕ್ಕ. ಎರಡು ಪದರ ಗ್ಲೌಸಿನ ಕೈಗೆ ನೈಲಾನ್ ನಿಲ್ಲುವುದಿಲ್ಲ ಅನ್ನೋದು ಅರ್ಧ ಇಳಿಸಿದ ಮೇಲೆ ಗೊತ್ತಾಯಿತು. ಕಾಲಿನ ಕಡೆಯ ಹಗ್ಗ ನನ್ನ ಕೈಯಿಂದ ಸರ್ರನೆ ಜಾರಿತು. ಕೆಳಗೆ ಧಪ್ ಅಂತ ಒಂದು ಶಬ್ದ. ಯಾರೂ ಏನೂ ಹೇಳಲಿಲ್ಲ. ಅಯ್ಯನವರು ಫೇಸ್‌ಶೀಲ್ಡಿನ ಹಿಂದಿನಿಂದ ನನ್ನ ಕಡೆ ನೋಡಿ, ತಲೆ ಅಲ್ಲಾಡಿಸಿ, ಓದಲು ಶುರು ಮಾಡಿದರು.

ಆ ಧಪ್ ಶಬ್ದ ರಾತ್ರಿಯೆಲ್ಲ ಅಂಗಡಿಯಲ್ಲಿ ನನ್ನ ಜೊತೆಗೇ ಮಲಗಿತ್ತು. ಸೋಂಕಿನ ಭಯ ಆ ರಾತ್ರಿ ಎರಡನೇ ಸ್ಥಾನಕ್ಕೆ ಹೋಯಿತು ಅಂದರೆ ನಂಬುತ್ತೀರಾ? ಎದ್ದು ಲೈಟ್ ಹಾಕಿ ಕೂತೆ. ಮೂಲೆಯಲ್ಲಿ ದಪ್ಪ ಹತ್ತಿ ಹಗ್ಗದ ಒಂದು ಸಿಂಬಿ ಇತ್ತು. ಎರಡು ತುಂಡು ಮಾಡಿ, ಎರಡೂ ತುದಿಯಿಂದ ಗೇಣಿಗೊಂದು ಗಂಟು ಹಾಕುತ್ತಾ ಬಂದೆ. ಗಂಟಿಗೆ ಕೈ ತಡೆಯುತ್ತದೆ, ಜಾರಿದರೂ ಒಂದು ಗೇಣು ಮಾತ್ರ ಜಾರುತ್ತದೆ. ಒಂದು ಭುಜದ ಕೆಳಗೆ, ಒಂದು ಸೊಂಟದಿಂದ ಸ್ವಲ್ಪ ಕೆಳಗೆ, ಭಾರ ಅಲ್ಲೇ ಇರೋದು. ಬಾಯಲ್ಲಿ ಪ್ರಾರ್ಥನೆ ಬರುತ್ತಿರಲಿಲ್ಲ ಆ ರಾತ್ರಿ. ಗಂಟು ಹಾಕಿದೆ, ಎಳೆದು ನೋಡಿದೆ, ಮತ್ತೆ ಹಾಕಿದೆ. ಬೆಳಗಿನ ಜಾವದ ಹೊತ್ತಿಗೆ ನಿದ್ದೆ ಬಂತು.

ಆಮೇಲೆ ಒಂದು ಸಲವೂ ಹಗ್ಗ ಜಾರಲಿಲ್ಲ. ಗುಂಡಿಯ ಬಾಯಿ ಮಳೆಗೆ ಕುಸಿಯುತ್ತೆ ಅಂತ ಎರಡು ಹಲಗೆ ಸೇರಿಸಿದೆವು, ಮೇ ತಿಂಗಳ ಸಂಜೆ ಮಳೆ ನಿಮಗೆ ಗೊತ್ತಲ್ಲ. ಗಾಗಲ್ಸಿಗೆ ಒಳಗಿನಿಂದ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ತೊಟ್ಟು ಸವರಿ ಒರೆಸಿದರೆ ಮಂಜು ಕಟ್ಟುವುದು ಕಮ್ಮಿ. ಸೋಂಕು ಕೊಲ್ಲೋ ಐದು ಪರ್ಸೆಂಟಿನ ಹೈಪೋಕ್ಲೋರೈಟ್ ಒಂದು ಲೀಟರಿಗೆ ನಾಲ್ಕು ಲೀಟರ್ ನೀರು, ಅಲ್ಲಿಗೆ ಒಂದು ಪರ್ಸೆಂಟ್ ಆಯಿತು. ಹೊಲಕ್ಕೆ ಔಷಧಿ ಹೊಡೆಯೋ ಪಂಪು ಬೆನ್ನಿಗೆ ಹಾಕಿಕೊಂಡು ಹಗ್ಗ, ಹಲಗೆ, ಬೂಟು, ಗಾಡಿ ಎಲ್ಲದಕ್ಕೂ ಹೊಡೆಯುತ್ತಿದ್ದದ್ದು ನಮ್ಮ ಗುಂಪಿನ ಹೈಸ್ಕೂಲ್ ಮೇಷ್ಟ್ರು. ಗಣಿತದ ಮೇಷ್ಟ್ರು, ಅಳತೆ ತಪ್ಪುತ್ತಿರಲಿಲ್ಲ.

ಇನ್ನೊಂದು ಏರ್ಪಾಟು ನಾವೇ ಕಂಡುಕೊಂಡದ್ದು. ಐದನೆಯವನೊಬ್ಬ ಇರಬೇಕು, ಅವನು ಏನನ್ನೂ ಮುಟ್ಟಬಾರದು. ಅಂತ್ಯಕ್ರಿಯೆಗೆ ಐದೇ ಜನ ಅನ್ನೋ ನಿಯಮ ಇತ್ತು, ಅದಕ್ಕೂ ಸರಿಹೋಯಿತು. ಕಾಲೇಜಿನ ಒಬ್ಬ ಹುಡುಗನನ್ನು ಹಾಗೆ ಇಟ್ಟುಕೊಂಡೆವು. ಗಾಳಿ ಬರುವ ಕಡೆ, ದೂರದಲ್ಲಿ ನಿಲ್ಲುವುದು. ಕೈಯಲ್ಲಿ ಫೋನು, ಜೇಬಿನಲ್ಲಿ ನೋಟ್‌ಬುಕ್ಕು. ಫೋನಿನಲ್ಲಿ ಮನೆಯವರು ವಿಡಿಯೋ ಕಾಲ್ ಮೇಲೆ ಇರುತ್ತಿದ್ದರು. ನೋಟ್‌ಬುಕ್ಕಿನಲ್ಲಿ ಹೆಸರು, ತಾರೀಕು, ಎಷ್ಟನೇ ಸಾಲು, ಎಷ್ಟನೇ ಗುಂಡಿ, ಪಕ್ಕದ ಗುರುತು ಏನು, ಯಾವ ಹಾಡು ಹಾಡಿದೆವು. ಹಾಡು ಯಾಕೆ ಬರೀತೀಯ ಅಂತ ಮೇಷ್ಟ್ರು ಕೇಳಿದ್ದರು. "ಯಾರಾದ್ರೂ ಕೇಳಬಹುದು ಸಾರ್," ಅಂದ ಹುಡುಗ.

ಒಂದು ಕಾಗದದ ವಿಷಯ ಹೇಳಬೇಕು. ಕೇಂದ್ರದ ಆರೋಗ್ಯ ಸಚಿವಾಲಯ 2020ರ ಮಾರ್ಚ್‌ನಲ್ಲೇ ಒಂದು ಸೂಚನೆ ಹೊರಡಿಸಿತ್ತು. ಚೀಲದ ಜಿಪ್ ಮುಖದವರೆಗೆ ತೆರೆದು ಮನೆಯವರಿಗೆ ಕೊನೆಯ ಸಲ ತೋರಿಸಬಹುದು, ದೇಹವನ್ನು ಮುಟ್ಟದೆ ಮಾಡುವಂಥ ಪ್ರಾರ್ಥನೆ, ಗ್ರಂಥ ಓದುವುದು, ತೀರ್ಥ ಚಿಮುಕಿಸುವುದು ಎಲ್ಲಕ್ಕೂ ಅವಕಾಶ ಇದೆ ಅಂತ ಅದರಲ್ಲಿ ಸ್ಪಷ್ಟವಾಗಿತ್ತು. ಇದು ಎಷ್ಟೋ ಕಡೆ ಯಾರಿಗೂ ಗೊತ್ತಿರಲಿಲ್ಲ, ಗೊತ್ತಿದ್ದವರಿಗೆ ಪುರುಸೊತ್ತಿರಲಿಲ್ಲ. ಒಂದು ಆಸ್ಪತ್ರೆಯ ಕೌಂಟರಿನಲ್ಲಿ, ಬಾಕಿ ಬಿಲ್ ಕಟ್ಟುವವರೆಗೂ ಬಾಡಿ ಇಲ್ಲ, ಮುಖ ತೋರಿಸೋದಂತೂ ಇಲ್ಲವೇ ಇಲ್ಲ ಅಂದರು. ಹೊರಗೆ ಮೆಟ್ಟಿಲ ಮೇಲೆ ತೀರಿಕೊಂಡವರ ಮಗಳು ಕೂತಿದ್ದಳು, ಹಿಂದಿನ ದಿನದಿಂದ. ನನಗೆ ಜಗಳ ಬರುವುದಿಲ್ಲ, ಗಂಟಲು ಕಟ್ಟಿಬಿಡುತ್ತದೆ. ಆ ಕಾಗದವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಇಟ್ಟುಕೊಂಡಿದ್ದೆ. ಕೌಂಟರಿನ ಗಾಜಿಗೆ ಅದನ್ನು ಒತ್ತಿ ಹಿಡಿದು, ಬಾಯಿ ಮುಚ್ಚಿಕೊಂಡು ನಿಂತೆ. ಸುಮ್ನೆ ನಿಂತೆ. ಹೋಗಿ ಅಂದರು, ನಿಂತೆ. ಸೆಕ್ಯೂರಿಟಿಯವನು ಬಂದು ಭುಜ ಹಿಡಿದ, ಕಾಲು ನಡುಗುತ್ತಿತ್ತು, ಆದರೂ ಗಾಜಿನಿಂದ ಕೈ ತೆಗೆಯಲಿಲ್ಲ. ಸುಮಾರು ಮುಕ್ಕಾಲು ಗಂಟೆ ಆದ ಮೇಲೆ ಒಳಗಿನಿಂದ ಒಬ್ಬ ಹಿರಿಯ ನರ್ಸಮ್ಮ ಬಂದು ಓದಿ, ಯಾರಿಗೋ ಫೋನ್ ಮಾಡಿ, "ಮಗಳನ್ನ ಕರೀರಿ, ಎರಡು ನಿಮಿಷ," ಅಂದರು. ಬಿಲ್ಲಿನ ಮಾತು ಆಮೇಲೆ ಅಯ್ಯನವರು ಬಂದು ಮುಗಿಸಿದರು.

ಎಲ್ಲರೂ ಈ ಥರ ಯೋಚಿಸುತ್ತಿದ್ದರು ಅಂತಲ್ಲ. ನಮ್ಮವರೇ ಒಬ್ಬ ಸಹೋದರರು, ಮನಸ್ಸು ಒಳ್ಳೆಯದು, ನಮ್ಮ ಜೊತೆ ಬರುತ್ತೇನೆ ಅಂತ ಬಂದರು. ಕಿಟ್ ಕೊಟ್ಟರೆ ಬೇಡ ಅಂದರು. ಯೇಸುವಿನ ರಕ್ತ ನನ್ನ ಮೇಲಿದೆ, ಈ ಪ್ಲಾಸ್ಟಿಕ್ ಯಾಕೆ, ನಿಮಗೆ ವಿಶ್ವಾಸ ಕಮ್ಮಿ ಅಂದರು. ನನಗೆ ಒಂದು ಕ್ಷಣ ನಾಚಿಕೆಯೇ ಆಯಿತು, ನಿಜ ಹೇಳ್ತೀನಿ. ಅಯ್ಯನವರು ಮಾತ್ರ ನಿಧಾನವಾಗಿ, "ದೇವಾಲಯದ ಶಿಖರದಿಂದ ಹಾರು, ದೇವದೂತರು ಹಿಡ್ಕೊಳ್ತಾರೆ ಅಂತ ಯೇಸುವಿಗೆ ಹೇಳಿದ್ದು ಯಾರು, ನೆನಪಿದೆಯಾ ತಮ್ಮಾ?" ಅಂತ ಕೇಳಿದರು. ಆ ಸಹೋದರರು ಅವತ್ತು ಸಿಟ್ಟು ಮಾಡಿಕೊಂಡು ಹೋದರು. ನಾಲ್ಕು ದಿನ ಬಿಟ್ಟು ಬಂದು ಕಿಟ್ ಹಾಕಿಕೊಂಡರು, ಅದನ್ನೂ ಹೇಳಬೇಕು.

ಆ ರಾತ್ರಿ ಅಯ್ಯನವರು ಫೋನಿನಲ್ಲಿ ಜರ್ಮನಿಯ ಪಾದ್ರಿ ಮಾರ್ಟಿನ್ ಲೂಥರನ ಕಥೆ ಹೇಳಿದರು. 1527ರಲ್ಲಿ ವಿಟೆನ್‌ಬರ್ಗಿಗೆ ಪ್ಲೇಗ್ ಬಂತು. ಊರು ಬಿಟ್ಟು ಹೋಗು ಅಂದರೂ ಆತ ಹೋಗಲಿಲ್ಲ. ಬ್ರೆಸ್ಲಾವಿನ ಪಾದ್ರಿಗಳು, ಪ್ಲೇಗ್ ಬಂದಾಗ ಕ್ರೈಸ್ತನು ಓಡಿಹೋಗಬಹುದೇ ಅಂತ ಕೇಳಿದ್ದರು, ಅದಕ್ಕೆ ಒಂದು ಉದ್ದದ ಪತ್ರ ಬರೆದ. ಅದರಲ್ಲಿ ಆತ ಹೇಳಿದ್ದರ ತಾತ್ಪರ್ಯ ಇಷ್ಟು: ದೇವರಲ್ಲಿ ಬೇಡಿಕೊಳ್ಳುತ್ತೇನೆ, ಆಮೇಲೆ ಮನೆಗೆ ಹೊಗೆ ಹಾಕುತ್ತೇನೆ, ಔಷಧಿ ಕೊಡುತ್ತೇನೆ, ತೆಗೆದುಕೊಳ್ಳುತ್ತೇನೆ, ನನ್ನ ಅಗತ್ಯ ಇಲ್ಲದ ಕಡೆ ಸುಳಿಯುವುದಿಲ್ಲ, ಆದರೆ ನೆರೆಯವನಿಗೆ ನಾನು ಬೇಕಾದರೆ ತಪ್ಪಿಸಿಕೊಳ್ಳುವುದಿಲ್ಲ. ನನಗೆ ಇದರಲ್ಲಿ ಹಿಡಿಸಿದ್ದು ಆ ಅನುಕ್ರಮ. ಟೆಸ್ಟರ್ ಇಟ್ಟು ನೋಡು, ಮೇನ್ ಆಫ್ ಮಾಡು, ಆಮೇಲೆ ಕೈ ಹಾಕು. ಆದರೆ ಕೈ ಹಾಕು. ಐನೂರು ವರ್ಷದ ಹಿಂದಿನ ಒಬ್ಬ ಪಾದ್ರಿ ನಮ್ಮ ಕಸುಬಿನವನ ಥರ ಮಾತಾಡಿದ್ದ.

ಈಗ ನನ್ನ ಗುಂಡಿಯ ವಿಷಯ.

ಮೇ ಎರಡನೇ ವಾರ. ಹಿಂದಿನ ದಿನ ನಾಲ್ಕು ಜನರನ್ನು ಮಣ್ಣು ಮಾಡಿದ್ದೆವು, ಅದರಲ್ಲಿ ಒಬ್ಬ ಇಪ್ಪತ್ತಾರರ ಹುಡುಗ. ಅವನ ತಾಯಿ ಫೋನಿನಲ್ಲಿ "ತಲೆ ಕೆಳಗೆ ಏನಾದ್ರೂ ಇಡ್ರಪ್ಪ" ಅಂತ ಕೂಗುತ್ತಿದ್ದರು. ಇಡುವುದಕ್ಕೆ ಏನೂ ಇರಲಿಲ್ಲ. ಮಾರನೇ ಬೆಳಿಗ್ಗೆ ಅಯ್ಯನವರ ಕರೆ ಬಂತು. ಸ್ಕ್ರೀನ್ ಮೇಲೆ ಹೆಸರು ನೋಡಿದೆ. ಎತ್ತಲಿಲ್ಲ. ಇನ್ನೊಂದು ಸಲ ಬಂತು. ಸ್ವಿಚ್ ಆಫ್ ಮಾಡಿ, ಶಟರ್ ಒಳಗಿನಿಂದ ಎಳೆದುಕೊಂಡು, ಕತ್ತಲಲ್ಲಿ ಸಂಜೆಯವರೆಗೆ ಕೂತಿದ್ದೆ. ಜ್ವರ ಇರಲಿಲ್ಲ, ಸುಸ್ತು ಇರಲಿಲ್ಲ, ಏನೂ ಇರಲಿಲ್ಲ. ಆಗಲಿಲ್ಲ, ಅಷ್ಟೇ. ಆ ದಿನ ಯಾರು ತೀರಿಕೊಂಡಿದ್ದರು, ನಾಲ್ಕನೆಯವರಾಗಿ ಯಾರು ಹಗ್ಗ ಹಿಡಿದರು, ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ನೋಟ್‌ಬುಕ್ಕಿನಲ್ಲಿ ಆ ತಾರೀಕಿನ ಸಾಲು ಬೇರೆಯವರ ಅಕ್ಷರದಲ್ಲಿದೆ. ಇವತ್ತಿಗೂ ಆ ಪುಟ ಬಂದರೆ ಬೇಗ ಮಗುಚುತ್ತೇನೆ.

ಮಾರನೇ ದಿನ ಮುಖ ಸಣ್ಣ ಮಾಡಿಕೊಂಡು ಹೋದೆ. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದೆ. ಅಯ್ಯನವರು ಒಂದು ಪೊಟ್ಟಣ ಕೈಗೆ ಕೊಟ್ಟರು. "ಇಡ್ಲಿ. ಮೊದ್ಲು ತಿನ್ನು, ಹೊಟ್ಟೇಲಿ ಏನೂ ಇಲ್ದೆ ಕಿಟ್ ಹಾಕ್ಬೇಡ." ಯೇಸುವಿನ ಶಿಷ್ಯ ಪೇತ್ರ ಮೂರು ಸಲ ಆತನನ್ನು ಅರಿಯೆನು ಅಂದಮೇಲೆ, ಸಾವಿನಿಂದ ಎದ್ದುಬಂದ ಯೇಸು ಕೆರೆ ದಡದಲ್ಲಿ ಅವನನ್ನು ಮೊದಲು ಕರೆದದ್ದು ಊಟಕ್ಕೆ. ಕೆಂಡದ ಮೇಲೆ ಮೀನು ಸುಟ್ಟು ಇಟ್ಟಿದ್ದ. ಪ್ರಶ್ನೆ ಆಮೇಲೆ ಬಂತು. ಎಷ್ಟೋ ಸಲ ಓದಿದ್ದ ಭಾಗ, ಆ ಕ್ರಮ ನನ್ನ ಕಣ್ಣಿಗೆ ಬಿದ್ದದ್ದು ಆ ದಿನ, ಚಟ್ನಿ ಸೋರುವ ಪೊಟ್ಟಣ ಹಿಡಿದುಕೊಂಡು ನಿಂತಾಗ.

ಅದಾಗಿ ಹತ್ತು ದಿನಕ್ಕೆ ಹೆಂಡತಿಗೆ ಜ್ವರ. ನಾನು ಅಂಗಡಿಯಲ್ಲೇ ಮಲಗುತ್ತಿದ್ದೆ, ಊಟದ ಡಬ್ಬಿ ಹೊಸ್ತಿಲ ಹೊರಗೆ ಇಡುತ್ತಿದ್ದಳು, ಆದರೂ ಬಂತು. ನನ್ನಿಂದ ಬಂತೋ, ರೇಷನ್ ಕ್ಯೂನಿಂದ ಬಂತೋ, ಯಾರು ಹೇಳಬೇಕು. ನನಗಂತೂ ನನ್ನಿಂದಲೇ ಅಂತ ಖಾತ್ರಿ ಆಗಿಹೋಗಿತ್ತು. ನನಗೂ ಪಾಸಿಟಿವ್ ಬಂದಿತ್ತು, ಮೂಗು ಕಟ್ಟಿದ್ದು ಬಿಟ್ಟರೆ ಏನೂ ಇಲ್ಲ. ಅವಳ ಬೆರಳಿಗೆ ಹಾಕಿದ ಆಕ್ಸಿಮೀಟರ್ ಮಾತ್ರ 96, 94, 92 ಅಂತ ಇಳಿಯಿತು. ಬೆಡ್‌ಗೆ ಫೋನ್ ಮಾಡಿದೆ, ಸಿಗಲಿಲ್ಲ. ಪರಿಚಯದ ಡಾಕ್ಟರಮ್ಮ ಫೋನಿನಲ್ಲೇ ಔಷಧಿ ಹೇಳಿ, ಬೋರಲು ಮಲಗಿಸಿ, ಎದೆ ಕೆಳಗೆ ಒಂದು ದಿಂಬು, ಸೊಂಟದ ಕೆಳಗೆ ಒಂದು, ಮುಂಗಾಲಿನ ಕೆಳಗೆ ಒಂದು, 90ಕ್ಕಿಂತ ಕೆಳಗೆ ಹೋದರೆ ಏನಾದರೂ ಮಾಡಿ ಕರ್ಕೊಂಡು ಬನ್ನಿ ಅಂದರು. ಎರಡು ಹಗ್ಗದ ಜಾಗಗಳೇ ನೋಡಿ, ಭುಜ ಮತ್ತು ಸೊಂಟ. ದಿಂಬು ಇಡುವಾಗ ನನ್ನ ಕೈ ತಾನಾಗಿ ಅಳತೆ ಮಾಡಿತು. ಅದು ಗೊತ್ತಾದ ಕೂಡಲೆ ಬಚ್ಚಲಿಗೆ ಹೋಗಿ ವಾಂತಿ ಮಾಡಿದೆ.

ಎರಡು ರಾತ್ರಿ 91ಕ್ಕೆ ನಿಂತಿತ್ತು. ಆಗ ನಾನು ಮಾಡಿದ ಪ್ರಾರ್ಥನೆ ಸಭೆಯಲ್ಲಿ ಹೇಳುವಂಥದ್ದಲ್ಲ. ದೇವರ ಮುಂದೆ ಬಿಲ್ ಇಟ್ಟೆ. ಇಷ್ಟು ಜನರನ್ನು ಹೊತ್ತಿದ್ದೇನೆ, ಲೆಕ್ಕ ನೋಟ್‌ಬುಕ್ಕಿನಲ್ಲಿದೆ, ಬದಲಿಗೆ ಇವಳೊಬ್ಬಳನ್ನು ಬಿಡು ಅಂದೆ. ಹೇಳಿದ ಮೇಲೆ ನನಗೇ ಅಸಹ್ಯ ಆಯಿತು, ಆದರೂ ವಾಪಸ್ ತೆಗೆದುಕೊಳ್ಳಲಿಲ್ಲ. ದಾನಿಯೇಲನ ಗ್ರಂಥದಲ್ಲಿ ಮೂವರು ಯೌವನಸ್ಥರು ಬೆಂಕಿಯ ಆವಿಗೆಯ ಮುಂದೆ ನಿಂತು ರಾಜನಿಗೆ ಹೇಳುತ್ತಾರಲ್ಲ, ನಮ್ಮ ದೇವರು ಬಿಡಿಸಬಲ್ಲ, ಬಿಡಿಸದೆ ಹೋದರೂ ನಿನ್ನ ಪ್ರತಿಮೆಗೆ ಅಡ್ಡಬೀಳೆವು ಅಂತ. ಆ 'ಬಿಡಿಸದೆ ಹೋದರೂ' ಭಾಗವನ್ನು ಭಾನುವಾರ ಶಾಲೆಯಲ್ಲಿ ನಾನೇ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ. ಆ ಎರಡು ರಾತ್ರಿ ನನ್ನ ಬಾಯಿಂದ ಅದು ಬರಲಿಲ್ಲ. ಬಂದದ್ದು ಅವಳ ಬಾಯಿಂದ, ಬೇರೆ ಥರ. ಬೋರಲು ಮಲಗಿಕೊಂಡೇ, ದಿಂಬಿನೊಳಗಿನಿಂದ, "ನಂಗೇನಾದ್ರೂ ಆದ್ರೆ ನೈಲಾನ್ ಹಗ್ಗ ತರ್ಬೇಡಿ," ಅಂದಳು. ನನಗೆ ನಗು ಬಂತು, ಅಳುವೂ ಬಂತು. ಮಗಳು ಬಾಗಿಲ ಆಚೆಯಿಂದ ಏನಾಯ್ತು ಏನಾಯ್ತು ಅಂತ ಬಡಿದಳು.

ಮೂರನೇ ದಿನ 93, ಐದನೇ ದಿನ 95. ಅವಳು ಉಳಿದಳು. ನಾನು ಇದನ್ನು ನನ್ನ ಸೇವೆಗೆ ಸಿಕ್ಕ ಕೂಲಿ ಅಂತ ಯಾವತ್ತೂ ಹೇಳುವುದಿಲ್ಲ, ಹೇಳುವವರ ಬಾಯಿಯನ್ನೂ ತಡೆಯುತ್ತೇನೆ. ಅದೇ ವಾರ ನಮ್ಮ ಹಿಂದಿನ ಬೀದಿಯಲ್ಲಿ, ನಮಗಿಂತ ಹತ್ತು ಪಟ್ಟು ಜಾಸ್ತಿ ಪ್ರಾರ್ಥನೆ ಮಾಡುವ ಮನೆಯ ಸೊಸೆ ತೀರಿಕೊಂಡಳು, ಇವಳದೇ ವಯಸ್ಸು. ನನ್ನ ಹೆಂಡತಿ ಉಳಿದದ್ದು ವಿಶ್ವಾಸದ ಫಲ ಅಂದರೆ ಆ ಮನೆಯವರಿಗೆ ನಾನು ಏನು ಹೇಳಿದ ಹಾಗಾಯಿತು?

ಕ್ವಾರಂಟೈನ್ ಮುಗಿದ ಮೇಲೆ ಮತ್ತೆ ಹೋದೆ. ಆ ಹೊತ್ತಿಗೆ ಕರೆಗಳು ಕಮ್ಮಿಯಾಗಿದ್ದವು. ಟ್ಯಾನರಿ ರಸ್ತೆಯ ಹುಡುಗರ ಹಬ್ಬ ಮೇ 14ಕ್ಕೆ ಮುಗಿದಿತ್ತು, ನಿಮ್ಮ ಪಾಲಿನ ಬಿರಿಯಾನಿ ಇಟ್ಟಿದ್ದೆವು, ನೀವು ಬರಲಿಲ್ಲ ಅಂತ ಜಗಳ ತೆಗೆದರು. ಭಯ ಮೊದಲಿನಷ್ಟೇ ಇತ್ತು. ಗಾಡಿ ಸ್ಮಶಾನದ ಗೇಟು ದಾಟುವಾಗ ಹೊಟ್ಟೆಯೊಳಗೆ ಏನೋ ಕಿವುಚುವುದು, ಬಾಯಿ ಒಣಗುವುದು, ಮೊದಲ ದಿನ ಹೇಗಿತ್ತೋ ಜೂನ್ ತಿಂಗಳ ಕೊನೆಯ ಸಲವೂ ಹಾಗೇ ಇತ್ತು. ವ್ಯತ್ಯಾಸ ಅಂದರೆ, ಅದು ಬರುತ್ತದೆ ಅಂತ ಗೊತ್ತಿದ್ದರಿಂದ ಅಷ್ಟೊತ್ತಿಗೆ ಹಗ್ಗದ ಗಂಟು ಎಣಿಸಲು ಶುರು ಮಾಡಿರುತ್ತಿದ್ದೆ. ಒಂದೊಂದು ಗಂಟಿಗೂ ಒಂದೊಂದು ಸಲ 'ಕರ್ತನೇ ಕರುಣಿಸು'. ಕೆಥೋಲಿಕರ ಜಪಸರದ ಥರ ಆಯಿತಲ್ಲ ಅಂತ ಮೇಷ್ಟ್ರು ರೇಗಿಸುತ್ತಿದ್ದರು. ಆಗಲಿ ಬಿಡಿ.

ನಾನು ಹಗ್ಗ ಹಿಡಿದದ್ದು ನಲವತ್ತೊಂದು ಜನರಿಗೆ. ಹದಿನೇಳು ಜನ ನಮ್ಮ ಸಭೆಗೆ ಸಂಬಂಧವೇ ಇಲ್ಲದವರು.

ನೋಟ್‌ಬುಕ್ಕು ಕೊನೆಗೆ ನನ್ನ ಅಂಗಡಿಗೇ ಬಂತು, ಆ ಹುಡುಗ ಕೆಲಸ ಸಿಕ್ಕಿ ಪುಣೆಗೆ ಹೋದ. 2022ರ ಫೆಬ್ರವರಿಯಲ್ಲಿ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದಳು. ದೋಹಾದಲ್ಲಿ ನರ್ಸ್. ಅವರಪ್ಪ ತೀರಿಕೊಂಡಾಗ ಡ್ಯೂಟಿಯಲ್ಲಿದ್ದವಳು, ಬರಲು ಆಗಿರಲಿಲ್ಲ, ವಿಡಿಯೋ ಕಾಲ್ ನಡುವೆ ಕಟ್ ಆಗಿತ್ತಂತೆ. ಜಾಗ ತೋರಿಸ್ತೀರಾ ಅಂಕಲ್ ಅಂದಳು. ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ನೋಟ್‌ಬುಕ್ಕು ನೋಡಿ ಸಾಲು ಹುಡುಕಿದೆ, ಗುರುತಿಗೆ ಬರೆದಿದ್ದ ಹೊಂಗೆಮರ ಸಿಕ್ಕಿತು, ಅಲ್ಲಿಂದ ಆರನೆಯದು. ಮಣ್ಣು ಕುಸಿದಿತ್ತು, ಮರದ ಶಿಲುಬೆ ಸ್ವಲ್ಪ ವಾಲಿತ್ತು. ನಾನು ದೂರ ಹೋಗಿ ನಿಂತೆ. ಬಹಳ ಹೊತ್ತಾದ ಮೇಲೆ ಅವಳೇ ಕರೆದಳು.

"ಕಾಲ್ ಕಟ್ ಆದ್ಮೇಲೆ ಏನಾಯ್ತು ಅಂಕಲ್? ಯಾರಾದ್ರೂ ಹಾಡಿದ್ರಾ?"

"ಹಾಡಿದ್ವಲ್ಲಮ್ಮ. ಮಾಸ್ಕ್ ಒಳಗೆ ಎಷ್ಟು ಆಗುತ್ತೋ ಅಷ್ಟು." ನೋಟ್‌ಬುಕ್ಕಿನ ಆ ಸಾಲು ತೋರಿಸಿದೆ.

ಹಾಡಿನ ಹೆಸರು ಓದಿ ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು.

"ಅಯ್ಯೋ, ಇದಾ! ಅಪ್ಪಂಗೆ ಈ ಹಾಡು ಕಂಡ್ರೆ ಆಗ್ತಿರ್ಲಿಲ್ಲ ಅಂಕಲ್. ಚರ್ಚಲ್ಲಿ ಇದು ಶುರುವಾದ್ರೆ ಕೆಮ್ಮು ಬಂದ ಹಾಗೆ ಮಾಡಿ ಎದ್ದು ಹೊರಗೆ ಹೋಗೋರು."

"ಅವತ್ತು ಎದ್ದು ಹೋಗೋಕೆ ಆಗ್ಲಿಲ್ಲ ನೋಡಮ್ಮ," ಅಂದುಬಿಟ್ಟೆ. ಬಾಯಿ ತಪ್ಪಿ ಬಂದದ್ದು. ಎದೆ ಧಸಕ್ಕೆಂದಿತು. ಅವಳು ಇನ್ನೂ ಜೋರಾಗಿ ನಕ್ಕಳು, ನಗುತ್ತಾ ನಗುತ್ತಾ ಅತ್ತಳು. ಆ ಕಡೆ ಗುಂಡಿ ತೋಡುತ್ತಿದ್ದವರು ಗುದ್ದಲಿ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು.

ಯಾವ ಹಾಡು ಇಷ್ಟ ಇತ್ತು ಅವರಿಗೆ ಅಂತ ಕೇಳಿದೆ. ಹೇಳಿದಳು. ಜೇಬಿನಿಂದ ಪೆನ್ನು ತೆಗೆದು, ಹಳೇ ಹಾಡಿಗೆ ಅಡ್ಡಗೆರೆ ಎಳೆಯದೆ, ಅದರ ಪಕ್ಕದಲ್ಲೇ ಬರೆದುಕೊಂಡೆ.